ಚಂದ್ರನ ಮೇಲೆ ತೂಕ ಕಡಿಮೆ ಆಗುತ್ತದೆ, ದ್ರವ್ಯರಾಶಿ ಯಾಕೆ ಆಗುವುದಿಲ್ಲ?

ಕಾವೇರಿತೀರ

ಮಗಳು ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ಗುರುತ್ವಾಕರ್ಷಣೆ ಪಾಠ ನಡೆಯುತ್ತಿದೆ. ಚಂದ್ರನ ಮೇಲೆ ತೂಕ ಆರರಲ್ಲಿ ಒಂದು ಭಾಗ ಆಗುತ್ತದೆ ಅಂತಲೂ ಇದೆ, ದ್ರವ್ಯರಾಶಿ ಎಲ್ಲಿ ಹೋದರೂ ಅಷ್ಟೇ ಇರುತ್ತದೆ ಅಂತಲೂ ಇದೆ. ಅವಳು ಕೇಳುವುದು ಇಷ್ಟು: "ನಾನು 42 ಕಿಲೋ. ಚಂದ್ರನ ಮೇಲೆ 7 ಕಿಲೋ. ಹಾಗಾದ್ರೆ ಉಳಿದ 35 ಕಿಲೋ ಎಲ್ಲಿಗೆ ಹೋಯ್ತು? ಎಲ್ಲಿಗೂ ಹೋಗಿಲ್ಲ ಅಂದ್ರೆ ಆ 7 ಅಂದ್ರೆ ಏನು?"

ದ್ರವ್ಯರಾಶಿ ಅಂದರೆ ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ ಅಂತ ಉರು ಹೊಡೆದು ಬರೆದರೆ ಮಾರ್ಕ್ಸ್ ಏನೋ ಬರುತ್ತದೆ. ಅವಳಿಗೆ ಅದರಿಂದ ಸಮಾಧಾನ ಇಲ್ಲ, ನಿಜ ಹೇಳಬೇಕೆಂದರೆ ನನಗೂ ಇಲ್ಲ. ಪ್ರಮಾಣ ಅಂದರೆ ಯಾವುದರ ಪ್ರಮಾಣ, ಅದನ್ನು ಅಳೆಯುವುದು ಹೇಗೆ? ಸೂತ್ರ ಬೇಡ, ಸೂತ್ರ ಪುಸ್ತಕದಲ್ಲೇ ಇದೆ. ಕೈಗೆ ಗೊತ್ತಾಗುವ ಹಾಗೆ ಯಾರಾದರೂ ಹೇಳುತ್ತೀರಾ?

ಭೌತಪಾಠ

ಮೇಡಂ, ನಿಮ್ಮ ಮಗಳ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಪಿಯುಸಿಗೆ ಬಂದ ಮೇಲೂ ಎಷ್ಟೋ ಮಕ್ಕಳು ಇದನ್ನು ಕೇಳದೇ ಸೂತ್ರಕ್ಕೆ ಹೋಗಿಬಿಡುತ್ತಾರೆ.

ಮೊದಲು ಆ 42 ಎಲ್ಲಿಂದ ಬಂತು ನೋಡೋಣ. ಅವಳು ತೂಕದ ಮೆಷಿನ್ ಮೇಲೆ ನಿಂತಳು. ಅವಳ ದ್ರವ್ಯರಾಶಿ ಎಷ್ಟು ಅಂತ ಆ ಮೆಷಿನ್‌ಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೆ ಗೊತ್ತಾಗುವುದು ಒಂದೇ, ಪಾದ ತನ್ನನ್ನು ಎಷ್ಟು ಬಲವಾಗಿ ಒತ್ತುತ್ತಿದೆ ಅನ್ನುವುದು. ಭೂಮಿಯ ಮೇಲೆ ಒಂದೊಂದು ಕಿಲೋಗೂ ಸುಮಾರು 9.8 ನ್ಯೂಟನ್ (ಬಲವನ್ನು ಅಳೆಯುವ ಮಾನ) ಸೆಳೆತ. 42 ಕಿಲೋಗೆ ಸುಮಾರು 412 ನ್ಯೂಟನ್. ತೂಕ ಅಂದರೆ ಈ 412. ಮೆಷಿನ್ ತಯಾರಿಸಿದವರು ಅದನ್ನು ಹಾಗೇ ತೋರಿಸದೇ, 9.8ರಿಂದ ಭಾಗಿಸಿದ ಲೆಕ್ಕಕ್ಕೆ ಮುಳ್ಳನ್ನು ಕೂರಿಸಿ 42 ಅಂತ ಬರೆದಿದ್ದಾರೆ. ಭೂಮಿ ಬಿಟ್ಟು ಬೇರೆಲ್ಲೂ ಅದನ್ನು ಬಳಸುವುದಿಲ್ಲ ಅನ್ನುವ ನಂಬಿಕೆ ಅದರೊಳಗೆ ಇದೆ.

ಈಗ ಅದೇ ಮೆಷಿನನ್ನು ಚಂದ್ರನ ಮೇಲೆ ಇಡಿ. ಅಲ್ಲಿ ಒಂದು ಕಿಲೋಗೆ 1.62 ನ್ಯೂಟನ್ ಮಾತ್ರ. 42 ಕಿಲೋಗೆ 68 ನ್ಯೂಟನ್. ಮೆಷಿನ್‌ಗೆ ತಾನು ಎಲ್ಲಿದ್ದೇನೆ ಅಂತ ಗೊತ್ತಿಲ್ಲ, ಅದು ಮತ್ತೆ 9.8ರಿಂದಲೇ ಭಾಗಿಸುತ್ತದೆ. 6.9 ಬರುತ್ತದೆ. ಅಂದರೆ ಆ "7 ಕಿಲೋ" ಅನ್ನುವುದು ಭೂಮಿಗೆ ಹೊಂದಿಸಿದ ಮೆಷಿನ್ ಚಂದ್ರನ ಮೇಲೆ ಕೊಡುವ ತಪ್ಪು ಉತ್ತರ. 35 ಕಿಲೋ ಎಲ್ಲಿಗೂ ಹೋಗಿಲ್ಲ. ನಿಮ್ಮ ಮಗಳ ದ್ರವ್ಯರಾಶಿ ಅಲ್ಲೂ 42 ಕಿಲೋನೇ. ಅವಳ ತೂಕ 412 ನ್ಯೂಟನ್ ಇದ್ದದ್ದು 68 ನ್ಯೂಟನ್ ಆಯಿತು, ಅಷ್ಟೇ.

ಆರನೇ ಒಂದು ಭಾಗ ಯಾಕೆ ಅನ್ನುವುದನ್ನೂ ಮಾಡಿ ನೋಡಲಿ, ಖುಷಿ ಆಗುತ್ತದೆ. ಚಂದ್ರನ ದ್ರವ್ಯರಾಶಿ ಭೂಮಿಯ 81ನೇ ಒಂದು ಭಾಗ. ಅದೊಂದೇ ಲೆಕ್ಕ ಆಗಿದ್ದರೆ ತೂಕ 81 ಪಟ್ಟು ಇಳಿಯಬೇಕಿತ್ತು. ಆದರೆ ಚಂದ್ರ ಚಿಕ್ಕದು. ಅದರ ತ್ರಿಜ್ಯ 1,737 ಕಿಮೀ, ಭೂಮಿಯದು 6,371 ಕಿಮೀ. ಅಲ್ಲಿ ನಿಂತವರು ಕೇಂದ್ರಕ್ಕೆ 3.67 ಪಟ್ಟು ಹತ್ತಿರ ಇರುತ್ತಾರೆ. ಹತ್ತಿರ ಹೋದಷ್ಟೂ ಸೆಳೆತ ವರ್ಗದ ಲೆಕ್ಕದಲ್ಲಿ ಏರುತ್ತದೆ, 3.67ರ ವರ್ಗ ಸುಮಾರು 13.5. 81ನ್ನು 13.5ರಿಂದ ಭಾಗಿಸಿದರೆ 6.

ಬಯಲುಸೀಮೆ

ಇದೆಲ್ಲ ಸರಿ ಸರ್, ಆದರೆ ನನಗೆ ಯಾವಾಗಲೂ ಅನಿಸುವುದು ಈ ವ್ಯತ್ಯಾಸ ಪರೀಕ್ಷೆಗೆ ಮಾತ್ರ ಅಂತ. ಅಂಗಡಿಗೆ ಹೋಗಿ ಯಾರೂ 9.8 ನ್ಯೂಟನ್ ಸಕ್ಕರೆ ಕೊಡಿ ಅನ್ನುವುದಿಲ್ಲ. ಒಂದು ಕಿಲೋ ಅನ್ನುತ್ತೇವೆ, ತೂಕ ಅನ್ನುತ್ತೇವೆ, ಕೆಲಸ ನಡೆಯುತ್ತದೆ. ನಾವೆಲ್ಲ ಭೂಮಿ ಮೇಲೇ ಇರುವಾಗ ಎರಡೂ ಒಂದೇ ಅಂದುಕೊಂಡರೆ ನಷ್ಟ ಏನು? ಕುತೂಹಲಕ್ಕೇ ಕೇಳುತ್ತಿದ್ದೇನೆ, ವಾದಕ್ಕಲ್ಲ.

ತ್ರಾಸು_ಹುಬ್ಬಳ್ಳಿ

ನಷ್ಟ ಇದೆ ಅಣ್ಣ, ಅದೂ ಬಂಗಾರದ ಅಂಗಡಿಯಲ್ಲಿ. ನನ್ನ ಕೆಲಸ ಎಲೆಕ್ಟ್ರಾನಿಕ್ ತ್ರಾಸು ಮಾರುವುದು, ರಿಪೇರಿ ಮಾಡುವುದು. ಅದಕ್ಕೇ ಇದನ್ನು ಓದಿ ಸುಮ್ನೆ ಇರೋಕೆ ಆಗಲಿಲ್ಲ.

ಭೂಮಿ ಮೇಲೂ ಎಲ್ಲ ಕಡೆ 9.8 ಇಲ್ಲ. ಭೂಮಧ್ಯರೇಖೆ ಹತ್ತಿರ 9.78, ಧ್ರುವದ ಹತ್ತಿರ 9.83. ಎತ್ತರದ ಊರಿಗೆ ಹೋದರೆ ಇನ್ನೂ ಸ್ವಲ್ಪ ಕಡಿಮೆ. ದೆಹಲಿಯಲ್ಲಿ 9.79ರ ಆಸುಪಾಸು, ಬೆಂಗಳೂರಲ್ಲಿ 9.78. ನೋಡೋಕೆ ಏನೂ ಅಲ್ಲ ಅನಿಸುತ್ತದೆ. ಆದರೆ ದೆಹಲಿಯಲ್ಲಿ ಸರಿಯಾಗಿ ಹೊಂದಿಸಿದ ಒಂದು ಮೆಷಿನ್ ತಂದು ಬೆಂಗಳೂರಲ್ಲಿ ಹಾಗೇ ಇಟ್ಟರೆ ಒಂದು ಕಿಲೋ ಬಟ್ಟು ಸುಮಾರು ಒಂದು ಗ್ರಾಂ ಕಡಿಮೆ ತೋರಿಸುತ್ತದೆ. ಸಕ್ಕರೆಗೆ ಪರವಾಗಿಲ್ಲ. 100 ಗ್ರಾಂ ಬಂಗಾರ ಇಟ್ಟರೆ 0.1 ಗ್ರಾಂ ಹೋಯಿತು, ಆ ಮೆಷಿನ್ ಮಿಲಿಗ್ರಾಂವರೆಗೆ ಓದುವಂಥದ್ದು. ಇವತ್ತಿನ ರೇಟಿಗೆ 100 ಮಿಲಿಗ್ರಾಂ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಅದಕ್ಕೇ ಹೊಸ ಮೆಷಿನ್ ಬಂದ ಮೇಲೆ ಅದು ಇರುವ ಜಾಗದಲ್ಲೇ ಕ್ಯಾಲಿಬ್ರೇಶನ್, ಅಂದರೆ ಅಳತೆ ಹೊಂದಿಸುವ ಕೆಲಸ, ಮಾಡಬೇಕು. ಮೊದಲು ಕಾಲಿನ ಸ್ಕ್ರೂ ತಿರುಗಿಸಿ ಮಟ್ಟದ ಗುಳ್ಳೆಯನ್ನು ವೃತ್ತದ ಮಧ್ಯಕ್ಕೆ ತರುತ್ತೇನೆ. ಮೆಷಿನ್ ವಾಲಿದ್ದರೆ ಬಲ ಪೂರ್ತಿ ಲೋಡ್ ಸೆಲ್ (ಒತ್ತುವ ಬಲವನ್ನು ಅಳೆಯುವ ಭಾಗ) ಮೇಲೆ ನೇರವಾಗಿ ಬೀಳುವುದಿಲ್ಲ, ಕಡಿಮೆ ತೋರಿಸುತ್ತದೆ. ಫ್ಯಾನ್ ಆಫ್. ಸ್ವಲ್ಪ ಹೊತ್ತು ಆನ್ ಇಟ್ಟು ಬಿಸಿ ಆಗಲು ಬಿಡಬೇಕು. ಆಮೇಲೆ ಸೊನ್ನೆ ಮಾಡಿ, ಕ್ಯಾಲಿಬ್ರೇಶನ್ ಬಟನ್ ಒತ್ತಿ, ಸ್ಟ್ಯಾಂಡರ್ಡ್ ಬಟ್ಟು ಇಡಬೇಕು. ಬರಿ ಕೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಜಿಡ್ಡು ಕೂಡ ತೂಗುತ್ತದೆ. ಅಂಕಿ ನಿಂತ ಮೇಲೆ ಮೆಷಿನ್ "ಈ ಊರಲ್ಲಿ ಇಷ್ಟು ಒತ್ತಿದರೆ ಇಷ್ಟು ಗ್ರಾಂ" ಅಂತ ನೆನಪಿಟ್ಟುಕೊಳ್ಳುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ಮುದ್ರೆ ಹಾಕುವುದು ಅದಾದ ಮೇಲೆ.

ಹಳೇ ತಕ್ಕಡಿಗೆ ಈ ತಾಪತ್ರಯ ಇಲ್ಲ. ಒಂದು ತಟ್ಟೆಯಲ್ಲಿ ಬಟ್ಟು, ಇನ್ನೊಂದರಲ್ಲಿ ಸಾಮಾನು. ಸೆಳೆತ ಕಡಿಮೆ ಆದರೆ ಎರಡೂ ಕಡೆ ಒಟ್ಟಿಗೇ ಕಡಿಮೆ ಆಗುತ್ತದೆ. ಚಂದ್ರನ ಮೇಲೆ ತೆಗೆದುಕೊಂಡು ಹೋದರೂ ಒಂದು ಕಿಲೋ ಸಕ್ಕರೆ ಒಂದು ಕಿಲೋ ಬಟ್ಟಿಗೆ ಸಮ ಆಗುತ್ತದೆ. ಗುಜರಿಯವರು ಕೊಕ್ಕೆಗೆ ನೇತುಹಾಕುವ ಸ್ಪ್ರಿಂಗ್ ತ್ರಾಸು ಇದೆಯಲ್ಲ, ಅದು ಮಾತ್ರ ಅಲ್ಲಿ ಆರನೇ ಒಂದು ಭಾಗ ತೋರಿಸುತ್ತದೆ.

ಭೌತಪಾಠ

ಹುಬ್ಬಳ್ಳಿಯವರು ಹೇಳಿದ್ದು ಪುಸ್ತಕದಲ್ಲಿ ಇರಬೇಕಾದ ಮಾತು. ತಕ್ಕಡಿ ದ್ರವ್ಯರಾಶಿಗಳನ್ನು ಹೋಲಿಸುತ್ತದೆ, ಸ್ಪ್ರಿಂಗ್ ತೂಕವನ್ನು ಅಳೆಯುತ್ತದೆ. ನಾವು ದುಡ್ಡು ಕೊಡುವುದು ದ್ರವ್ಯರಾಶಿಗೆ. ಒಂದು ಕಿಲೋ ಅಕ್ಕಿ ಎಷ್ಟು ಜನಕ್ಕೆ ಊಟ ಆಗುತ್ತದೆ ಅನ್ನುವುದು ಅದನ್ನು ಯಾವ ಊರಲ್ಲಿ ತೂಗಿದರು ಅನ್ನುವುದರ ಮೇಲೆ ನಿಂತಿಲ್ಲ.

ಊರು ಬದಲಾದರೆ ಸೆಳೆತ ಬದಲಾಗುತ್ತದೆ ಅನ್ನುವುದು ಬಹಳ ಹಿಂದೆಯೇ ಕಣ್ಣಿಗೆ ಬಿದ್ದದ್ದು. 1672ರಲ್ಲಿ ಜೀನ್ ರಿಷರ್ ಅನ್ನುವ ಫ್ರೆಂಚ್ ಖಗೋಳಜ್ಞರು ಪ್ಯಾರಿಸ್‌ನಿಂದ ದಕ್ಷಿಣ ಅಮೆರಿಕದ ಕಯೆನ್‌ಗೆ ಲೋಲಕದ ಗಡಿಯಾರ ತೆಗೆದುಕೊಂಡು ಹೋದರು. ಪ್ಯಾರಿಸ್‌ನಲ್ಲಿ ಸರಿಯಾಗಿದ್ದ ಗಡಿಯಾರ ಭೂಮಧ್ಯರೇಖೆಯ ಹತ್ತಿರದ ಆ ಊರಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಲೋಲಕವನ್ನು ಸ್ವಲ್ಪ ಗಿಡ್ಡ ಮಾಡಿದ ಮೇಲೆ ಸರಿಹೋಯಿತು. ಭೂಮಿ ಮಧ್ಯದಲ್ಲಿ ಉಬ್ಬಿದೆ ಅನ್ನುವ ವಾದಕ್ಕೆ ನ್ಯೂಟನ್ ಈ ಸಂಗತಿಯನ್ನು ಬಳಸಿಕೊಂಡರು.

ಬಯಲುಸೀಮೆ

ಬಂಗಾರದ ಲೆಕ್ಕ ಒಪ್ಪಿದೆ. ಆದರೆ ಕಾವೇರಿತೀರ ಅವರ ಮೂಲ ಪ್ರಶ್ನೆ ಇನ್ನೂ ಹಾಗೇ ಇದೆಯಲ್ವಾ? ತಕ್ಕಡಿಯಲ್ಲೂ ಸೆಳೆತ ಬೇಕೇ ಬೇಕು, ಸೆಳೆತ ಇಲ್ಲದಿದ್ದರೆ ತಟ್ಟೆ ಇಳಿಯುವುದೇ ಇಲ್ಲ. ಸೆಳೆತವನ್ನೇ ಮರೆತು, ದ್ರವ್ಯರಾಶಿಯನ್ನು ಮಾತ್ರ ಕೈಯಲ್ಲಿ ಅನುಭವಿಸುವುದು ಹೇಗೆ?

ಆಗಸನೋಟ

ಇಲ್ಲಿಗೆ ಬಂದಿರಿ ನೋಡಿ! ಎಲ್ಲರೂ ಅರ್ಧ ಕಥೆ ಹೇಳಿ ನಿಲ್ಲಿಸುತ್ತಾರೆ. ಚಂದ್ರನ ಮೇಲೆ ತೂಕ ಕಡಿಮೆ, ಎತ್ತರಕ್ಕೆ ಹಾರಬಹುದು, ಮುಗಿಯಿತು. ಆದರೆ ಅಪೊಲೊ ಗಗನಯಾತ್ರಿಗಳಿಗೆ ಅಲ್ಲಿ ನಿಜವಾದ ಕಷ್ಟ ಕೊಟ್ಟದ್ದು ಕಡಿಮೆ ಆಗದೇ ಉಳಿದ ದ್ರವ್ಯರಾಶಿ. ಎತ್ತುವುದು ಸುಲಭ ಆಯಿತು. ಅಡ್ಡಕ್ಕೆ ತಳ್ಳುವುದು, ಓಡುತ್ತಿರುವುದನ್ನು ನಿಲ್ಲಿಸುವುದು, ತಿರುಗುವುದು ಸ್ವಲ್ಪವೂ ಸುಲಭ ಆಗಲಿಲ್ಲ.

ಅಪೊಲೊ 15, 16, 17ರಲ್ಲಿ ಅವರು ಒಯ್ದ ರೋವರ್ ಗಾಡಿ ನೋಡಿ. ಅದರ ದ್ರವ್ಯರಾಶಿ 210 ಕಿಲೋ. ಇಬ್ಬರು ಗಗನಯಾತ್ರಿಗಳು, ಅವರ ಸೂಟು, ಉಪಕರಣ, ಕಲ್ಲು ಎಲ್ಲ ಸೇರಿ 490 ಕಿಲೋ ಹೊರುತ್ತಿತ್ತು, ತನ್ನ ಎರಡು ಪಟ್ಟಿಗಿಂತ ಜಾಸ್ತಿ. ಇಷ್ಟು ತೆಳ್ಳಗಿನ ಗಾಡಿ ಇಷ್ಟು ಹೊರಲು ಸಾಧ್ಯವಾದದ್ದು ಅಲ್ಲಿ ತೂಕ ಆರನೇ ಒಂದು ಭಾಗ ಅಂತ. ಭೂಮಿಯ ಮೇಲೆ ಅದೇ ಗಾಡಿಯಲ್ಲಿ ಇಬ್ಬರು ಕೂತರೆ ಚೌಕಟ್ಟು ತಡೆಯುತ್ತಿರಲಿಲ್ಲ. ಅದಕ್ಕೇ ಇಲ್ಲಿ ಅಭ್ಯಾಸಕ್ಕೆ ಬೇರೆಯೇ ಗಟ್ಟಿ ಗಾಡಿ ಕಟ್ಟಿದ್ದರು.

ಈಗ ಇನ್ನರ್ಧ. ಗಾಡಿ ಹೊರಟಿದೆ, ಬ್ರೇಕ್ ಹಾಕಬೇಕು. ಚಕ್ರಕ್ಕೆ ನೆಲದ ಹಿಡಿತ ಬರುವುದು ತೂಕದಿಂದ, ಅದು ಆರನೇ ಒಂದು ಭಾಗ. ಆದರೆ ನಿಲ್ಲಿಸಬೇಕಾಗಿರುವುದು ಪೂರ್ತಿ 700 ಕಿಲೋ ದ್ರವ್ಯರಾಶಿಯನ್ನು. ಭೂಮಿಯಲ್ಲಿ ಇರುವಂಥದ್ದೇ ನೆಲ ಅಂತ ಇಟ್ಟುಕೊಂಡರೂ ಅಷ್ಟೇ ವೇಗದಿಂದ ನಿಲ್ಲಲು ಆರು ಪಟ್ಟು ದೂರ ಬೇಕು. ತಿರುವಿನಲ್ಲೂ ಹಾಗೆ, ಸ್ವಲ್ಪ ಜೋರಾಗಿ ತಿರುಗಿಸಿದರೆ ಹಿಂದಿನ ಚಕ್ರ ಜಾರುತ್ತಿತ್ತು. ಗುಂಡಿಯ ಅಂಚು ತಗುಲಿದರೆ ಗಾಡಿಯೇ ನೆಲ ಬಿಟ್ಟು ಏಳುತ್ತಿತ್ತು. ಅದರ ಸಾಮಾನ್ಯ ವೇಗ ಗಂಟೆಗೆ 13 ಕಿಮೀ ಒಳಗೆ. ಸೈಕಲ್ಲಿನಷ್ಟೂ ಇಲ್ಲದ ಆ ವೇಗದಲ್ಲಿ ಗಾಡಿ ಜಾರುತ್ತಿತ್ತು ಅಂದರೆ ಯೋಚಿಸಿ.

ಇನ್ನೊಂದು. 1972ರ ಏಪ್ರಿಲ್‌ನಲ್ಲಿ ಅಪೊಲೊ 16ರ ಚಾರ್ಲಿ ಡ್ಯೂಕ್ ಎಷ್ಟು ಎತ್ತರಕ್ಕೆ ಹಾರಬಹುದು ನೋಡೋಣ ಅಂತ ಹಾರಿದರು. ಹಾರಿದ್ದು ಸುಲಭವಾಗಿಯೇ. ಆದರೆ ಬೆನ್ನಿಗೆ ಉಸಿರಾಟದ ಪೆಟ್ಟಿಗೆ ಇತ್ತು, ಅದರ ದ್ರವ್ಯರಾಶಿ ಹಿಂದಕ್ಕೆ ಇತ್ತು. ನೆಲ ಬಿಟ್ಟು ಮೇಲಿರುವಾಗಲೇ ಮೈ ಹಿಂದಕ್ಕೆ ತಿರುಗಿತು, ಬೆನ್ನ ಮೇಲೆ ಬಿದ್ದರು. ಆ ಪೆಟ್ಟಿಗೆ ಒಡೆದಿದ್ದರೆ ಪ್ರಾಣಕ್ಕೇ ಕುತ್ತು. ಬೀಳುವ ವೇಗ ಕಡಿಮೆ ಇದ್ದದ್ದು ಪುಣ್ಯ. ಅದರ ವಿಡಿಯೋ ಇದೆ, ಮಗಳಿಗೆ ತೋರಿಸಿ, ತೂಕ ಮತ್ತು ದ್ರವ್ಯರಾಶಿ ಎರಡೂ ಒಂದೇ ಹಾರುವಿಕೆಯಲ್ಲಿ ಕಾಣುತ್ತವೆ.

ಕಾವೇರಿತೀರ

ರೋವರ್ ಉದಾಹರಣೆ ಓದಿ ಹೇಳಿದೆ, ತುಂಬಾ ಇಷ್ಟಪಟ್ಟಳು. ತಕ್ಷಣ ಇನ್ನೊಂದು ಪ್ರಶ್ನೆ. "ಹಾಗಾದ್ರೆ ಚಂದ್ರನ ಮೇಲೆ ನನ್ನ ತಮ್ಮ ಓಡಿಬಂದು ನನಗೆ ಡಿಕ್ಕಿ ಹೊಡೆದರೆ ಇಲ್ಲಿಯಷ್ಟೇ ನೋವಾಗುತ್ತಾ?" ಹೌದು ಅಂತ ಹೇಳಿದೆ. ಸರಿ ತಾನೇ? ಮತ್ತೆ ಮನೆಯಲ್ಲೇ ಮಾಡಿ ನೋಡಬಹುದಾದದ್ದು ಏನಾದರೂ ಇದ್ದರೆ ಹೇಳಿ.

ಭೌತಪಾಠ

ಪೂರ್ತಿ ಸರಿ ಮೇಡಂ. ಅಷ್ಟೇ ವೇಗದಲ್ಲಿ ಬಂದರೆ ಅಷ್ಟೇ ಪೆಟ್ಟು. ಬಿದ್ದಾಗ ಆಗುವ ನೋವು ಮಾತ್ರ ಕಡಿಮೆ, ಯಾಕಂದರೆ ಬೀಳುವಾಗ ವೇಗ ನಿಧಾನವಾಗಿ ಏರುತ್ತದೆ.

ಮನೆಯಲ್ಲಿ ಮಾಡಲು ಎರಡು ಬಕೆಟ್ ಸಾಕು. ಒಂದೇ ಥರದ ಎರಡು ಬಕೆಟ್ ತೆಗೆದುಕೊಳ್ಳಿ. ಒಂದು ಖಾಲಿ, ಒಂದರ ತುಂಬ ಮರಳು. ಗಟ್ಟಿಯಾದ ಕೊಂಬೆಗೋ ತೊಲೆಗೋ ಒಂದೇ ಉದ್ದದ ಹಗ್ಗದಲ್ಲಿ ನೇತುಹಾಕಿ. ಈಗ ಎರಡರ ತೂಕವನ್ನೂ ಹಗ್ಗ ಹೊತ್ತಿದೆ, ಅವಳ ಕೈಗೆ ಅದರ ಭಾರ ಇಲ್ಲ. ಒಂದೇ ಬೆರಳಲ್ಲಿ ಅಡ್ಡಕ್ಕೆ ತಟ್ಟಿ ನೋಡಲಿ. ಖಾಲಿ ಬಕೆಟ್ ಓಡಿಹೋಗುತ್ತದೆ. ಮರಳಿನ ಬಕೆಟ್ ಬೆರಳಿಗೆ ಎದುರು ನಿಲ್ಲುತ್ತದೆ, ನಿಧಾನಕ್ಕೆ ಹೊರಡುತ್ತದೆ. ತೂಗಾಡುತ್ತಾ ಬರುವಾಗ ಅಂಗೈ ಅಡ್ಡ ಇಟ್ಟು ನಿಲ್ಲಿಸಲಿ, ಆಗಲೂ ಗೊತ್ತಾಗುತ್ತದೆ. ಆ ಬೆರಳಿಗೆ ಗೊತ್ತಾದದ್ದೇ ದ್ರವ್ಯರಾಶಿ. ಅಲುಗಾಡಿಸಲು ಹೋದರೆ ಎದುರು ನಿಲ್ಲುವುದು, ಅಲುಗಾಡುತ್ತಿದ್ದರೆ ನಿಲ್ಲಲು ಒಪ್ಪದಿರುವುದು. ಬಕೆಟ್ ಹಗ್ಗದ ತಳದಲ್ಲಿ ನೇರವಾಗಿ ಇರುವಾಗ ತಟ್ಟಿದರೆ ಚಂದ್ರನ ಮೇಲೂ ಬೆರಳಿಗೆ ಅದೇ ಅನುಭವ.

ತೂಗಾಡಲು ಬಿಟ್ಟ ಮೇಲೆ ಮಾತ್ರ ಬೇರೆ ಕಾಣುತ್ತದೆ. ಒಂದು ಮೀಟರ್ ಹಗ್ಗ ಇದ್ದರೆ ಇಲ್ಲಿ ಹೋಗಿ ಬರಲು 2 ಸೆಕೆಂಡು, ಚಂದ್ರನ ಮೇಲೆ ಸುಮಾರು 4.9 ಸೆಕೆಂಡು. ಬಕೆಟ್ಟನ್ನು ವಾಪಸ್ ಎಳೆಯುವುದು ತೂಕ, ಅದು ಅಲ್ಲಿ ಕಡಿಮೆ. ಎಳೆಸಿಕೊಳ್ಳುವುದು ದ್ರವ್ಯರಾಶಿ, ಅದು ಅಷ್ಟೇ ಇದೆ. ಖಾಲಿ ಬಕೆಟ್, ತುಂಬಿದ ಬಕೆಟ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮಯ ಹಿಡಿಯುತ್ತದೆ ಅನ್ನುವುದನ್ನೂ ಮೊಬೈಲಲ್ಲಿ ಸ್ಟಾಪ್‌ವಾಚ್ ಹಿಡಿದು ನೋಡಲಿ. ಹತ್ತು ಸಲ ತೂಗಾಡಿದ ಸಮಯ ತೆಗೆದು ಹತ್ತರಿಂದ ಭಾಗಿಸಿದರೆ ಚೆನ್ನಾಗಿ ಬರುತ್ತದೆ.

ತ್ರಾಸು_ಹುಬ್ಬಳ್ಳಿ

ಅಪಾರ್ಟ್‌ಮೆಂಟ್ ಇದ್ದರೆ ಇನ್ನೊಂದು ಮಾಡಬಹುದು ಅಕ್ಕಾ. ಮುಳ್ಳು ತಿರುಗುವ ಹಳೇ ತೂಕದ ಮೆಷಿನ್ ಲಿಫ್ಟಿನಲ್ಲಿ ಇಟ್ಟು ಅದರ ಮೇಲೆ ನಿಲ್ಲಿಸಿ. ಡಿಜಿಟಲ್ ಬೇಡ, ಅದು ಒಮ್ಮೆ ಅಂಕಿ ಹಿಡಿದರೆ ಅಲ್ಲೇ ನಿಲ್ಲುತ್ತದೆ. ಲಿಫ್ಟ್ ಮೇಲಕ್ಕೆ ಹೊರಡುವ ಕ್ಷಣ ಮುಳ್ಳು ಮುಂದೆ ಹೋಗುತ್ತದೆ, ಮೇಲೆ ನಿಲ್ಲುವಾಗ ಹಿಂದೆ ಬರುತ್ತದೆ. ಮಧ್ಯದಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಮಾಮೂಲಿ ಅಂಕಿ. ಎರಡು ಸೆಕೆಂಡಿನಲ್ಲಿ ಮಗು ದಪ್ಪಗಾಗಲಿಲ್ಲ, ತೆಳ್ಳಗಾಗಲಿಲ್ಲ ಅಲ್ವಾ? ಮೆಷಿನ್ ಓದುವುದು ಒತ್ತುವ ಬಲವನ್ನು ಮಾತ್ರ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಬಯಲುಸೀಮೆ

ಒಂದು ಕಡೆ ನನಗೆ ಇನ್ನೂ ಸಿಕ್ಕು ಬಿಡಿಸಿಕೊಳ್ಳುತ್ತಿಲ್ಲ. ಭಾರದ ವಸ್ತುವನ್ನು ಚಂದ್ರ ಜಾಸ್ತಿ ಎಳೆಯುತ್ತಾನೆ. ಹಾಗಿದ್ದರೆ ಅಲ್ಲಿ ಸುತ್ತಿಗೆ ಮತ್ತು ಗರಿ ಒಟ್ಟಿಗೇ ಬಿದ್ದದ್ದು ಹೇಗೆ? ಗಾಳಿ ಇಲ್ಲ ಅನ್ನುವುದು ಗೊತ್ತು. ಆದರೂ ಜಾಸ್ತಿ ಎಳೆದದ್ದು ಬೇಗ ಬೀಳಬೇಕಲ್ಲ?

ಆಗಸನೋಟ

ಜಾಸ್ತಿ ಎಳೆಯುತ್ತಾನೆ, ಆದರೆ ಆ ವಸ್ತು ಅಷ್ಟೇ ಜಾಸ್ತಿ ಎದುರು ನಿಲ್ಲುತ್ತದೆ.

1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಕ್ಯಾಮೆರಾ ಮುಂದೆ ನಿಂತು ಇದನ್ನು ಮಾಡಿದರು. ಒಂದು ಕೈಯಲ್ಲಿ 1.32 ಕಿಲೋದ ಅಲ್ಯೂಮಿನಿಯಂ ಸುತ್ತಿಗೆ, ಇನ್ನೊಂದರಲ್ಲಿ ಡೇಗೆ ಹಕ್ಕಿಯ ಗರಿ, ಅದು 0.03 ಕಿಲೋ. ಸುಮಾರು 1.6 ಮೀಟರ್ ಎತ್ತರದಿಂದ ಎರಡನ್ನೂ ಒಟ್ಟಿಗೆ ಬಿಟ್ಟರು. ಸುತ್ತಿಗೆಯ ಮೇಲಿನ ಸೆಳೆತ ಗರಿಯ ಮೇಲಿನ ಸೆಳೆತಕ್ಕಿಂತ 44 ಪಟ್ಟು. ಆದರೆ ಸುತ್ತಿಗೆಯನ್ನು ಅಲುಗಾಡಿಸುವುದೂ 44 ಪಟ್ಟು ಕಷ್ಟ. ಭಾಗಿಸಿದರೆ ಎರಡಕ್ಕೂ 1.62 ಉಳಿಯುತ್ತದೆ. ಎರಡೂ ಸುಮಾರು 1.4 ಸೆಕೆಂಡಿನಲ್ಲಿ ಒಟ್ಟಿಗೆ ನೆಲ ಮುಟ್ಟಿದವು.

ನನಗೆ ಇದು ಭೌತಶಾಸ್ತ್ರದಲ್ಲೇ ಅತ್ಯಂತ ಆಶ್ಚರ್ಯದ ಸಂಗತಿ ಅನಿಸುತ್ತದೆ. ಎಳೆಸಿಕೊಳ್ಳುವ ಗುಣ ಬೇರೆ, ಎದುರು ನಿಲ್ಲುವ ಗುಣ ಬೇರೆ. ಎರಡೂ ಒಂದೇ ಲೆಕ್ಕದಲ್ಲಿ ಇರಬೇಕು ಅಂತ ನಮಗೆ ಮೇಲ್ನೋಟಕ್ಕೆ ಕಾಣುವ ಕಾರಣ ಯಾವುದೂ ಇಲ್ಲ. ಆದರೂ ಇವೆ. ಐನ್‌ಸ್ಟೈನ್ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವನ್ನು ಕಟ್ಟಲು ಹೊರಟದ್ದು ಇದೇ ಜಾಗದಿಂದ. 2016ರಲ್ಲಿ ಫ್ರಾನ್ಸಿನವರು ಮೈಕ್ರೋಸ್ಕೋಪ್ ಅನ್ನುವ ಉಪಗ್ರಹ ಹಾರಿಸಿ, ಅದರೊಳಗೆ ಪ್ಲಾಟಿನಂ ಮತ್ತು ಟೈಟಾನಿಯಂ ಮಿಶ್ರಲೋಹದ ತುಂಡುಗಳನ್ನು ಇಟ್ಟು ಪರೀಕ್ಷೆ ಮಾಡಿದರು. 2022ರಲ್ಲಿ ಕೊನೆಯ ಫಲಿತಾಂಶ ಬಂತು. ಹತ್ತರ ಘಾತ 15ರಲ್ಲಿ ಕೆಲವೇ ಭಾಗದಷ್ಟು ಸೂಕ್ಷ್ಮದವರೆಗೆ ನೋಡಿದರೂ ಎರಡರಲ್ಲಿ ವ್ಯತ್ಯಾಸ ಸಿಗಲಿಲ್ಲ.

ಪೀಣ್ಯ_ಪಕ್ಕದವ

ಅಪೊಲೊ ಬಗ್ಗೆ ಇಷ್ಟು ಹೇಳಿದಿರಿ, ವಿಕ್ರಮ್ ಲ್ಯಾಂಡರ್ ಬಿಟ್ಟರೆ ಹೇಗೆ? ಈ ವಿಷಯ ಚಂದ್ರಯಾನ 3ರಲ್ಲಿ ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ ಲೆಕ್ಕ ಮಾಡಿದಾಗ ನನಗೆ ಮೈ ಜುಮ್ಮೆಂದಿತು.

ಪ್ರಜ್ಞಾನ್ ರೋವರ್ ಸೇರಿ ಲ್ಯಾಂಡರ್‌ನ ದ್ರವ್ಯರಾಶಿ ಹೊರಡುವಾಗ 1,752 ಕಿಲೋ. ಅದಕ್ಕೆ ಇದ್ದದ್ದು ತಲಾ 800 ನ್ಯೂಟನ್‌ನ ನಾಲ್ಕು ಎಂಜಿನ್, ಒಟ್ಟು 3,200 ನ್ಯೂಟನ್. ಭೂಮಿಯ ಮೇಲೆ ಆ ಲ್ಯಾಂಡರ್‌ನ ತೂಕ 17,000 ನ್ಯೂಟನ್ ದಾಟುತ್ತದೆ. ಅಂದರೆ ಇಲ್ಲಿ ನಾಲ್ಕೂ ಎಂಜಿನ್ ಪೂರ್ತಿ ಉರಿಸಿದರೂ ಅದು ನೆಲದಿಂದ ಏಳುವುದೇ ಇಲ್ಲ. ಚಂದ್ರನ ಮೇಲೆ ಅದರ ತೂಕ ಸುಮಾರು 2,840 ನ್ಯೂಟನ್. 3,200 ಸಾಕು. ಇಂಧನ ಉರಿದು ಹಗುರಾದಂತೆ ಇನ್ನೂ ಸಲೀಸು.

ಆದರೆ ತೂಕ ಹೊರುವುದು ಕೊನೆಯ ಹಂತದ ಕೆಲಸ. ಅದಕ್ಕಿಂತ ಮೊದಲು ಲ್ಯಾಂಡರ್ 30 ಕಿಮೀ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿಮೀ ವೇಗದಲ್ಲಿ ಅಡ್ಡಕ್ಕೆ ಓಡುತ್ತಿತ್ತು. ಆ ಓಟವನ್ನು ನಿಲ್ಲಿಸಬೇಕು. ಇಲ್ಲಿ ಚಂದ್ರ ಏನೂ ರಿಯಾಯಿತಿ ಕೊಡುವುದಿಲ್ಲ, ಪೂರ್ತಿ 1,752 ಕಿಲೋ ಲೆಕ್ಕಕ್ಕೆ ಬರುತ್ತದೆ. 3,200ನ್ನು 1,752ರಿಂದ ಭಾಗಿಸಿ, ಸೆಕೆಂಡಿಗೆ 1.8 ಮೀಟರಿನಷ್ಟು ವೇಗ ಇಳಿಸಬಹುದು. 1,680 ಮೀಟರ್ ಇಳಿಸಲು ಎಷ್ಟು ಹೊತ್ತು? 15 ನಿಮಿಷ. 2023ರ ಆಗಸ್ಟ್ 23ರ ಸಂಜೆ ನಾವೆಲ್ಲ ಟಿವಿ ಮುಂದೆ ಕೂತು ನೋಡಿದ ಆ ಇಳಿಕೆ ಸುಮಾರು 19 ನಿಮಿಷದ್ದು, ಅದರಲ್ಲಿ ಮೊದಲ 690 ಸೆಕೆಂಡು ಬ್ರೇಕ್ ಹಾಕಿ ಈ ವೇಗದ ಬಹುಪಾಲನ್ನು ಇಳಿಸುವ ಕೆಲಸವೇ. ಆ ಕಾಯುವಿಕೆಗೆ ಕಾರಣ ಲ್ಯಾಂಡರ್‌ನ ದ್ರವ್ಯರಾಶಿ. ತೂಕದ ಜೊತೆಗೆ ಅದೂ ಆರನೇ ಒಂದು ಭಾಗ ಆಗಿದ್ದಿದ್ದರೆ ಬ್ರೇಕ್ ಹಾಕಲು ಎರಡು ಮೂರು ನಿಮಿಷ ಸಾಕಿತ್ತು.

ಆಮೇಲೆ ಸೆಪ್ಟೆಂಬರ್ 3ರಂದು ವಿಕ್ರಮ್ ಮತ್ತೆ ಎಂಜಿನ್ ಉರಿಸಿ ಸುಮಾರು 40 ಸೆಂಮೀ ಎದ್ದು ಪಕ್ಕಕ್ಕೆ ಇಳಿಯಿತಲ್ಲ, ಅದು ಸಾಧ್ಯವಾದದ್ದು ತೂಕ ಕಡಿಮೆ ಇದ್ದದ್ದರಿಂದ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಚಂದ್ರಯಾನ 2ರ ರೋವರನ್ನು ಇಲ್ಲಿ ಪರೀಕ್ಷೆ ಮಾಡುವಾಗ, ಚಂದ್ರನ ಸೆಳೆತಕ್ಕೆ ಹೊಂದಿಸಲು ಅದಕ್ಕೆ ಹೀಲಿಯಂ ಬಲೂನ್ ಕಟ್ಟಿ ಮೇಲಕ್ಕೆ ಎಳೆಸಿದ್ದರು. ಓಡಿಸಿದ್ದು ತಮಿಳುನಾಡಿನ ಸೇಲಂ ಕಡೆಯಿಂದ ತಂದ ಕಲ್ಲಿನ ಪುಡಿಯ ಮೇಲೆ, ಅದು ಚಂದ್ರನ ಮಣ್ಣಿಗೆ ಹತ್ತಿರ ಅಂತ.

ಬಯಲುಸೀಮೆ

ಬಲೂನ್ ಕಟ್ಟಿದರೆ ತೂಕ ಕಡಿಮೆ ಆಗುತ್ತದೆ, ದ್ರವ್ಯರಾಶಿ ಅಷ್ಟೇ ಉಳಿಯುತ್ತದೆ. ಚಂದ್ರನ ಮೇಲೆ ಆಗುವುದೂ ಅದೇ! ಈಗ ಹಿಡಿತಕ್ಕೆ ಬಂತು. ರೋವರ್‌ನ ಭಾಗಗಳನ್ನೇ ಕಿತ್ತು ಹಗುರ ಮಾಡಿದ್ದರೆ ಪರೀಕ್ಷೆ ತಪ್ಪಾಗುತ್ತಿತ್ತು.

ಪೀಣ್ಯ_ಪಕ್ಕದವ

ಅದೇ. ಚಕ್ರ ಮಣ್ಣಿನಲ್ಲಿ ಎಷ್ಟು ಹೂತುಕೊಳ್ಳುತ್ತದೆ ಅನ್ನುವುದು ತೂಕಕ್ಕೆ ಸೇರಿದ್ದು, ಮೋಟಾರ್ ಎಷ್ಟು ಬಲ ಹಾಕಿದರೆ ಎಷ್ಟು ಬೇಗ ಹೊರಡುತ್ತದೆ ಅನ್ನುವುದು ದ್ರವ್ಯರಾಶಿಗೆ ಸೇರಿದ್ದು. ಎರಡೂ ಸರಿಯಾಗಿ ಬರಬೇಕು.

ಕಾವೇರಿತೀರ

ಬಕೆಟ್ ಪ್ರಯೋಗ ಮುಗಿಯಿತು, ಈಗ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿದ್ದಾಳೆ. ಅಲ್ಲಿ ಎಲ್ಲರೂ ತೇಲುತ್ತಾರಲ್ಲ, ಅಲ್ಲಿ ತಕ್ಕಡಿಯೂ ನಡೆಯಲ್ಲ, ಸ್ಪ್ರಿಂಗೂ ನಡೆಯಲ್ಲ, ಹಾಗಿದ್ದರೆ ಅವರು ದಪ್ಪ ಆದರಾ ಸಣ್ಣ ಆದರಾ ಅಂತ ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತಿದ್ದಾಳೆ. ಶುಭಾಂಶು ಶುಕ್ಲಾ ಅವರು ಹೋಗಿ ಬಂದಾಗಿನಿಂದ ಇದೇ ಧ್ಯಾನ.

ಆಗಸನೋಟ

ಸ್ಪ್ರಿಂಗ್ ನಡೆಯುತ್ತದೆ, ಆದರೆ ನೇತುಹಾಕಿ ಅಲ್ಲ, ಅಲ್ಲಾಡಿಸಿ!

ಒಂದು ಪೀಠಕ್ಕೆ ಸ್ಪ್ರಿಂಗ್ ಕಟ್ಟಿರುತ್ತಾರೆ. ಗಗನಯಾತ್ರಿ ಅದಕ್ಕೆ ಬಿಗಿಯಾಗಿ ಕಟ್ಟಿಸಿಕೊಂಡು ಕೂರುತ್ತಾರೆ. ಎಳೆದು ಬಿಟ್ಟರೆ ಪೀಠ ಹಿಂದೆ ಮುಂದೆ ಆಡುತ್ತದೆ. ದ್ರವ್ಯರಾಶಿ ಜಾಸ್ತಿ ಇದ್ದರೆ ನಿಧಾನ, ಕಡಿಮೆ ಇದ್ದರೆ ಬೇಗ. ಒಂದು ಸಲ ಆಡಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದರೆ ದ್ರವ್ಯರಾಶಿ ಸಿಗುತ್ತದೆ. 1973ರಲ್ಲಿ ಸ್ಕೈಲ್ಯಾಬ್ ಅನ್ನುವ ಅಮೆರಿಕದ ಬಾಹ್ಯಾಕಾಶ ನಿಲ್ದಾಣದಲ್ಲೇ ಇಂಥ ಪೀಠ ಇತ್ತು. ಈಗಿನ ನಿಲ್ದಾಣದಲ್ಲಿ ಇನ್ನೊಂದು ಬಗೆಯೂ ಇದೆ, ಗೊತ್ತಿರುವಷ್ಟು ಬಲದಿಂದ ಮೈಯನ್ನು ಎಳೆದು ಎಷ್ಟು ಬೇಗ ಹೊರಟಿತು ಅಂತ ನೋಡುವುದು. ಮೇಲೆ ಬಯಲುಸೀಮೆ ಅವರು ಸೆಳೆತ ಮರೆತು ದ್ರವ್ಯರಾಶಿಯನ್ನು ಅಳೆಯುವುದು ಹೇಗೆ ಅಂತ ಕೇಳಿದ್ದರಲ್ಲ, ಇದೇ ಅದು. ಕೈಕಾಲು ಸಡಿಲ ಬಿಟ್ಟರೆ ಅಳತೆ ಕೆಡುತ್ತದೆ, ಮೈ ಪೀಠದ ಜೊತೆ ಒಂದಾಗಿ ಆಡಬೇಕು.

ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಸೆಳೆತ ಇಲ್ಲ ಅನ್ನುವುದು ತಪ್ಪು. ನಿಲ್ದಾಣ ಇರುವುದು ಸುಮಾರು 400 ಕಿಮೀ ಎತ್ತರದಲ್ಲಿ, ಅಲ್ಲೂ ಒಂದು ಕಿಲೋಗೆ 8.7 ನ್ಯೂಟನ್ ಸೆಳೆತ ಇದೆ. ಚಂದ್ರನ ಮೇಲಿನದಕ್ಕಿಂತ ಐದು ಪಟ್ಟಿಗೂ ಜಾಸ್ತಿ! ನಿಲ್ದಾಣ, ಅದರೊಳಗಿನ ಮನುಷ್ಯರು, ಮೆಷಿನ್ ಎಲ್ಲವೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಿರುವುದರಿಂದ ಯಾರೂ ಯಾರನ್ನೂ ಒತ್ತುವುದಿಲ್ಲ. ಹುಬ್ಬಳ್ಳಿಯವರ ಭಾಷೆಯಲ್ಲಿ ಹೇಳಿದರೆ ಲೋಡ್ ಸೆಲ್ ಮೇಲೆ ಏನೂ ಬೀಳುವುದಿಲ್ಲ.

ಬಯಲುಸೀಮೆ

ಪರೀಕ್ಷೆಯಲ್ಲಿ ಏನು ಬರೆಯಬೇಕು ಅಂತಲೂ ಹೇಳಿಬಿಡಿ ಸರ್. ನನ್ನ ಅಕ್ಕನ ಮಗನಿಗೂ ಅದೇ ಪಾಠ.

ಭೌತಪಾಠ

ದ್ರವ್ಯರಾಶಿ ಕೇಳಿದರೆ ಕಿಲೋಗ್ರಾಂ, ಭೂಮಿಗೂ ಚಂದ್ರನಿಗೂ ಅದೇ ಅಂಕಿ. ತೂಕ ಕೇಳಿದರೆ ನ್ಯೂಟನ್, ಎರಡು ಕಡೆಗೂ ಬೇರೆ ಅಂಕಿ. "ಚಂದ್ರನ ಮೇಲೆ ತೂಕ 7 ಕೆಜಿ" ಅಂತ ಬರೆದರೆ ನಾನು ಮಾರ್ಕ್ಸ್ ಕೊಡುವುದಿಲ್ಲ, 68 ನ್ಯೂಟನ್ ಅಂತ ಬರೆದರೆ ಪೂರ್ತಿ ಕೊಡುತ್ತೇನೆ. 9.8 ತೆಗೆದುಕೊಂಡರೋ 10 ತೆಗೆದುಕೊಂಡರೋ ಅನ್ನುವುದನ್ನು ಮೊದಲೇ ಒಂದು ಸಾಲು ಬರೆದಿಡಲಿ.

ತ್ರಾಸು_ಹುಬ್ಬಳ್ಳಿ

ನನ್ನದೊಂದು ಪ್ರಶ್ನೆ. ಭೂಮಿಯಲ್ಲಿ ಊರಿಂದ ಊರಿಗೆ ಬದಲಾಗುವ ಹಾಗೆ ಚಂದ್ರನ ಮೇಲೂ ಜಾಗದಿಂದ ಜಾಗಕ್ಕೆ ಬದಲಾಗುತ್ತದಾ? ನಾಳೆ ಅಲ್ಲಿ ಮನೆ ಕಟ್ಟಿದರೆ ನಮ್ಮವರು ಹೋಗಿ ಕ್ಯಾಲಿಬ್ರೇಶನ್ ಮಾಡಬೇಕಾಗುತ್ತದಾ?

ಆಗಸನೋಟ

ಮಾಡಬೇಕಾಗುತ್ತದೆ. ಚಂದ್ರನ ಕೆಲವು ದೊಡ್ಡ ಬಯಲುಗಳ ಕೆಳಗೆ ದಟ್ಟವಾದ ಕಲ್ಲು ಗುಡ್ಡೆ ಬಿದ್ದಿದೆ, ಅಲ್ಲಿ ಸೆಳೆತ ಸ್ವಲ್ಪ ಜಾಸ್ತಿ. 1968ರಲ್ಲಿ ಉಪಗ್ರಹಗಳ ವೇಗ ಅಲ್ಲಲ್ಲಿ ಏರುಪೇರು ಆಗುವುದನ್ನು ನೋಡಿ ಇದು ಗೊತ್ತಾಯಿತು. ಅಪೊಲೊ 16ರವರು 1972ರ ಏಪ್ರಿಲ್‌ನಲ್ಲಿ ಬಿಟ್ಟು ಬಂದ ಚಿಕ್ಕ ಉಪಗ್ರಹದ ಕಕ್ಷೆಯನ್ನು ಈ ಏರುಪೇರು ಎಳೆದಾಡಿ, ಅದು 35 ದಿನಕ್ಕೇ ಚಂದ್ರನಿಗೆ ಅಪ್ಪಳಿಸಿತು. ಆಮೇಲೆ 2012ರಲ್ಲಿ ಗ್ರೇಲ್ ಅನ್ನುವ ಜೋಡಿ ನೌಕೆಗಳು ಇಡೀ ಚಂದ್ರನ ಸೆಳೆತದ ನಕ್ಷೆ ಮಾಡಿದವು.

ನಿಮಗೆ ಇಷ್ಟವಾಗುವ ಸಂಗತಿ ಇನ್ನೊಂದು ಇದೆ. ಅಂಥ ಒಂದು ಅಳತೆಯ ಮೆಷಿನ್ ಆಗಲೇ ಅಲ್ಲಿಗೆ ಹೋಗಿ ಕೆಲಸ ಮಾಡಿದೆ. 1972ರ ಡಿಸೆಂಬರ್‌ನಲ್ಲಿ ಅಪೊಲೊ 17ರವರು ರೋವರ್‌ಗೆ ಒಂದು ಸೆಳೆತ ಅಳೆಯುವ ಪೆಟ್ಟಿಗೆ ಕಟ್ಟಿಕೊಂಡು ಟಾರಸ್-ಲಿಟ್ರೋ ಕಣಿವೆಯಲ್ಲಿ ಓಡಾಡಿದರು. ಅದರೊಳಗೆ ಬಿಗಿದ ತಂತಿಗೆ ಕಟ್ಟಿದ ದ್ರವ್ಯರಾಶಿ ಇತ್ತು. ಸೆಳೆತ ಬದಲಾದರೆ ತಂತಿ ಕಂಪಿಸುವ ವೇಗ ಬದಲಾಗುತ್ತದೆ. ದ್ರವ್ಯರಾಶಿ ಅದೇ, ತೂಕ ಮಾತ್ರ ಜಾಗದಿಂದ ಜಾಗಕ್ಕೆ ಬೇರೆ. ನಿಂತಲ್ಲೆಲ್ಲ ಅಂಕಿ ಓದಿ ಭೂಮಿಗೆ ಹೇಳಿದರು. ಕಣಿವೆಯ ಮಧ್ಯದಲ್ಲಿ ಒಂದು ಲೆಕ್ಕ, ಗುಡ್ಡದ ಬುಡದಲ್ಲಿ ಇನ್ನೊಂದು. ಆ ವ್ಯತ್ಯಾಸದಿಂದಲೇ ಕಣಿವೆಯ ನೆಲದ ಕೆಳಗೆ ಸುಮಾರು ಒಂದು ಕಿಮೀ ದಪ್ಪಕ್ಕೆ ಬಸಾಲ್ಟ್ ಕಲ್ಲು ಇದೆ ಅಂತ, ಒಂದು ಬಾವಿಯನ್ನೂ ತೋಡದೆ ಲೆಕ್ಕ ಹಾಕಿದರು.